ಕರ್ನಾಟಕದಲ್ಲಿ ಗಿಟಾರ್

ಗಿಟಾರ್ ಸಾಮಾನ್ಯವಾಗಿ ಆರು ತಂತಿಗಳುಳ್ಳ, ಬೆರಳಿನಿಂದ ಅಥವಾ ಪಿಕ್ ಎಂಬ ಸಣ್ಣ ತುಣುಕಿನಿಂದ ಮೀಟಿ ನುಡಿಸುವ ತಂತಿವಾದ್ಯ. ಸ್ಪೇನ್ ದೇಶದಲ್ಲಿ ಈಗಿನ ರೂಪವನ್ನು ಪಡೆದ ಈ ವಾದ್ಯವು ಚರ್ಚು, ದಂಡುಪ್ರದೇಶ, ಚಲನಚಿತ್ರ ಹಾಗೂ ಧ್ವನಿಮುದ್ರಿಕೆಗಳ ಮೂಲಕ ಕರ್ನಾಟಕಕ್ಕೆ ಬಂದಿತು. ಇಂದು ಚಿತ್ರಸಂಗೀತ, ಸುಗಮ ಸಂಗೀತ, ರಾಕ್, ಜಾಝ್ ಮತ್ತು ಶಾಸ್ತ್ರೀಯ ಸಂಗೀತಗಳಲ್ಲಿ ಅದು ಬಳಕೆಯಲ್ಲಿದೆ. ವಾದ್ಯವು ಹೊರಗಿನಿಂದ ಬಂದದ್ದಾದರೂ, ಜಗತ್ತಿನ ಅನೇಕ ಉತ್ತಮ ಗಿಟಾರ್‌ಗಳ ಹಿಂಬದಿಗೆ ಬಳಸುವ ಬೀಟೆಮರವು ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವಂಥದು.

ರಚನೆ ಮತ್ತು ಶ್ರುತಿ

ಗಿಟಾರ್‌ನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ: ಟೊಳ್ಳಾದ ಒಡಲು, ಉದ್ದವಾದ ಕುತ್ತಿಗೆ ಮತ್ತು ಬಿರಡೆಗಳಿರುವ ತಲೆ. ಕುತ್ತಿಗೆಯ ಮೇಲೆ ಫ್ರೆಟ್ ಎಂದು ಕರೆಯುವ ಲೋಹದ ಮೆಟ್ಟುಗಳನ್ನು ಕೂರಿಸಿರುತ್ತಾರೆ. ತಂತಿಗಳು ಒಡಲಿನ ಮೇಲಿರುವ ಕುದುರೆಯಿಂದ ಹೊರಟು ಬಿರಡೆಗಳನ್ನು ಸೇರುತ್ತವೆ. ಈಗಿನ ಶಾಸ್ತ್ರೀಯ ಗಿಟಾರ್‌ನ ಅಳತೆ ಮತ್ತು ಒಳರಚನೆಯನ್ನು ರೂಪಿಸಿದ ಕೀರ್ತಿ ಸ್ಪೇನಿನ ಕುಶಲಕರ್ಮಿ ಆಂಟೋನಿಯೊ ಡಿ ಟೋರೆಸ್ (1817–1892) ಅವರಿಗೆ ಸಲ್ಲುತ್ತದೆ.

ರೂಢಿಯ ಶ್ರುತಿಯಲ್ಲಿ ತಂತಿಗಳು ಮಂದ್ರದಿಂದ ತಾರದ ಕಡೆಗೆ ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳಿಗೆ ಹೊಂದಿಕೊಂಡಿರುತ್ತವೆ. ಅತ್ಯಂತ ಕೆಳಗಿನ ಇ ಸ್ವರವು ಸೆಕೆಂಡಿಗೆ ಸುಮಾರು 82 ಬಾರಿಯೂ, ಮೇಲಿನ ಇ ಸ್ವರವು ಸುಮಾರು 330 ಬಾರಿಯೂ ಕಂಪಿಸುತ್ತದೆ. ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುವ ಲೆಕ್ಕದಂತೆ ಮೆಟ್ಟುಗಳ ಅಂತರ ನಿಗದಿಯಾಗುತ್ತದೆ. 650 ಮಿ.ಮೀ. ತಂತಿಯ ವಾದ್ಯದಲ್ಲಿ ಮೊದಲ ಮೆಟ್ಟು ತುದಿಯಿಂದ ಸುಮಾರು 36.5 ಮಿ.ಮೀ. ದೂರದಲ್ಲಿರುತ್ತದೆ. ಹನ್ನೆರಡನೆಯ ಮೆಟ್ಟು ಸರಿಯಾಗಿ ತಂತಿಯ ನಡುಭಾಗದಲ್ಲಿರುತ್ತದೆ. ಅಲ್ಲಿ ಒತ್ತಿದರೆ ಅದೇ ಸ್ವರವು ಒಂದು ಸ್ಥಾಯಿ ಮೇಲೆ ಕೇಳಿಸುತ್ತದೆ.

ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರ್, ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರ್, ಎಲೆಕ್ಟ್ರಿಕ್ ಗಿಟಾರ್, ನಾಲ್ಕು ತಂತಿಯ ಬೇಸ್ ಗಿಟಾರ್ ಮತ್ತು ತೊಡೆಯ ಮೇಲಿಟ್ಟು ನುಡಿಸುವ ಹವಾಯಿಯನ್ ಗಿಟಾರ್ ಇವು ಮುಖ್ಯ ಬಗೆಗಳು. ಉಕ್ಕಿನ ತಂತಿಗಳ ಒಟ್ಟು ಸೆಳೆತ ಸುಮಾರು 70ರಿಂದ 80 ಕಿಲೋಗ್ರಾಂ ಭಾರಕ್ಕೆ ಸಮನಾದುದು. ಆದ್ದರಿಂದಲೇ ಹೊಸದಾಗಿ ಕಲಿಯುವವರ ಬೆರಳ ತುದಿಗಳು ಮೊದಲ ಕೆಲವು ವಾರ ನೋಯುತ್ತವೆ.

ಬೀಟೆಮರ ಮತ್ತು ಪಶ್ಚಿಮ ಘಟ್ಟ

ಗಿಟಾರ್‌ನ ಮುಂಬದಿಗೆ ಹಗುರವಾದ ಸ್ಪ್ರೂಸ್ ಅಥವಾ ಸೀಡರ್ ಮರವನ್ನೂ, ಹಿಂಬದಿ ಮತ್ತು ಪಕ್ಕಗಳಿಗೆ ಗಟ್ಟಿಮರವನ್ನೂ ಬಳಸುವುದು ವಾಡಿಕೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಈ ಗಟ್ಟಿಮರವೆಂದರೆ ಬ್ರೆಜಿಲ್ ದೇಶದ ಬೀಟೆಯೇ ಶ್ರೇಷ್ಠವೆಂದು ತಯಾರಕರು ಭಾವಿಸಿದ್ದರು. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ದಿಮ್ಮಿಗಳ ರಫ್ತನ್ನು ನಿರ್ಬಂಧಿಸಿದಾಗ, ಅಮೆರಿಕದ ಮಾರ್ಟಿನ್ ಕಂಪನಿಯೂ ಸೇರಿದಂತೆ ಪ್ರಮುಖ ತಯಾರಕರು ಭಾರತದ ಬೀಟೆಯ ಕಡೆಗೆ ತಿರುಗಿದರು. ಅಂದಿನಿಂದ ಭಾರತದ ಬೀಟೆಯು ಗಿಟಾರ್ ತಯಾರಿಕೆಯ ಮುಖ್ಯ ಮರಗಳಲ್ಲಿ ಒಂದಾಗಿದೆ.

ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ ಎಂಬುದು ಬೀಟೆಯ ಸಸ್ಯಶಾಸ್ತ್ರೀಯ ಹೆಸರು. ಪಶ್ಚಿಮ ಘಟ್ಟದ ಎಲೆಯುದುರುವ ತೇವಕಾಡುಗಳು ಇದರ ಸಹಜ ನೆಲೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡುಗಳೂ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಮತ್ತು ಕೊಡಗಿನ ಕಾಡುಗಳೂ ಈ ವ್ಯಾಪ್ತಿಯಲ್ಲಿ ಬರುತ್ತವೆ. ಮೈಸೂರಿನ ಪ್ರಸಿದ್ಧ ಬೀಟೆಮರದ ಕೆತ್ತುಕೂಡಿಕೆ ಕಲೆಗೂ ಇದೇ ಮರ ಆಧಾರ. ಬೀಟೆ ನಿಧಾನವಾಗಿ ಬೆಳೆಯುವ ಮರವಾದುದರಿಂದ ಅದನ್ನು ಅಪಾಯಕ್ಕೆ ಈಡಾಗಬಹುದಾದ ಪ್ರಭೇದಗಳ ಪಟ್ಟಿಯಲ್ಲಿ ಸೇರಿಸಲಾಗಿದೆ.

ಅಳಿವಿನಂಚಿನ ಪ್ರಭೇದಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದವು 2017ರ ಜನವರಿ 2ರಿಂದ ಬೀಟೆಯ ಕುಲವನ್ನು ಎರಡನೆಯ ಅನುಬಂಧಕ್ಕೆ ಸೇರಿಸಿತು. ಇದರಿಂದ ಗಿಟಾರ್‌ಗಳ ಅಂತರರಾಷ್ಟ್ರೀಯ ಮಾರಾಟಕ್ಕೂ ಪರವಾನಗಿ ಅಗತ್ಯವಾಗಿ, ತಯಾರಕರು ಮತ್ತು ಮಾರಾಟಗಾರರು ತೊಂದರೆ ಅನುಭವಿಸಿದರು. 2019ರ ನವೆಂಬರ್ 26ರಿಂದ ಸಿದ್ಧವಾದ ಸಂಗೀತವಾದ್ಯಗಳಿಗೆ ವಿನಾಯಿತಿ ದೊರೆಯಿತು. ಮರದ ಮೇಲಿನ ನಿಯಂತ್ರಣ ಮಾತ್ರ ಮುಂದುವರಿದಿದೆ.

ಕರ್ನಾಟಕಕ್ಕೆ ಬಂದ ದಾರಿಗಳು

ಗಿಟಾರ್ ಕರ್ನಾಟಕಕ್ಕೆ ಒಂದೇ ದಾರಿಯಿಂದ ಬಂದುದಲ್ಲ. ಮೊದಲನೆಯ ದಾರಿ ಪಶ್ಚಿಮ ಕರಾವಳಿಯದು. ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾದಲ್ಲಿ ಚರ್ಚ್ ಶಾಲೆಗಳ ಮೂಲಕ ಪಾಶ್ಚಾತ್ಯ ಸ್ವರಲಿಪಿ ಮತ್ತು ತಂತಿವಾದ್ಯಗಳ ಪರಿಚಯವಾಯಿತು. ಗೋವಾಕ್ಕೆ ಹೊಂದಿಕೊಂಡಿರುವ ಖಾನಾಪುರ ಮತ್ತು ಬೆಳಗಾವಿಗೆ ರಸ್ತೆಯ ಮೂಲಕವೂ, ಲೋಂಡಾ ಜಂಕ್ಷನ್‌ನ ರೈಲುಮಾರ್ಗದ ಮೂಲಕವೂ ಈ ಸಂಪರ್ಕ ಉಳಿದುಬಂದಿದೆ. ಮಂಗಳೂರಿನ ಕೊಂಕಣಿ ಕ್ರೈಸ್ತ ಸಮುದಾಯದಲ್ಲಿಯೂ ಮದುವೆಯ ಹಾಡು, ಚರ್ಚಿನ ಗಾಯನ ಮತ್ತು ರಂಗಗೀತೆಗಳಿಗೆ ಗಿಟಾರ್ ಜೊತೆಯಾಗುತ್ತದೆ.

ಎರಡನೆಯ ದಾರಿ ಬ್ರಿಟಿಷರ ದಂಡುಪ್ರದೇಶಗಳದು. ಬೆಂಗಳೂರು ಮತ್ತು ಬೆಳಗಾವಿಯ ದಂಡುಗಳಲ್ಲಿ ಬ್ಯಾಂಡ್ ಸಂಗೀತ ಹಾಗೂ ನೃತ್ಯಗೋಷ್ಠಿಗಳ ವಾತಾವರಣವಿತ್ತು. ಮೂರನೆಯ ದಾರಿ ಧ್ವನಿಮುದ್ರಿಕೆ, ಆಕಾಶವಾಣಿ ಮತ್ತು ಚಲನಚಿತ್ರ. ಗಿಟಾರ್ ಮನೆಮನೆಯ ಕಿವಿಗೆ ಮುಟ್ಟಿದ್ದು ಈ ಮೂರನೆಯ ದಾರಿಯಿಂದ.

ಶಾಸ್ತ್ರೀಯ ಸಂಗೀತದಲ್ಲಿ ಗಿಟಾರ್

ಹೊರಗಿನ ವಾದ್ಯಗಳನ್ನು ಭಾರತೀಯ ಸಂಗೀತ ಒಪ್ಪಿಕೊಂಡಿರುವುದು ಹೊಸದೇನಲ್ಲ. ಬಾಲುಸ್ವಾಮಿ ದೀಕ್ಷಿತರ (1786–1859) ಕಾಲದಿಂದ ಪಿಟೀಲು ಕರ್ನಾಟಕ ಸಂಗೀತದ ಪಕ್ಕವಾದ್ಯವಾಗಿ ಬೆಳೆಯಿತು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ (1949–2019) ಸ್ಯಾಕ್ಸೋಫೋನನ್ನೂ, ಆಂಧ್ರಪ್ರದೇಶದ ಯು. ಶ್ರೀನಿವಾಸ್ (1969–2014) ಮ್ಯಾಂಡೋಲಿನನ್ನೂ ಕಚೇರಿಯ ಮುಖ್ಯ ವಾದ್ಯಗಳನ್ನಾಗಿ ಮಾಡಿದರು. ಗಿಟಾರ್ ಇದೇ ಹಾದಿಯಲ್ಲಿ ಸಾಗಿದರೂ ಅದಕ್ಕೆ ಗಮಕದ ತೊಡಕು ಎದುರಾಯಿತು.

ರಾಗಸಂಗೀತದಲ್ಲಿ ಸ್ವರಗಳು ಬಿಡಿಬಿಡಿಯಾಗಿ ನಿಲ್ಲುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಜಾರುತ್ತವೆ, ತೂಗುತ್ತವೆ. ಇದನ್ನೇ ದಕ್ಷಿಣಾದಿಯಲ್ಲಿ ಗಮಕವೆಂದೂ, ಹಿಂದೂಸ್ತಾನಿಯಲ್ಲಿ ಹೀಗೆ ಜಾರುವುದನ್ನು ಮೀಂಡ್ ಎಂದೂ ಕರೆಯುತ್ತಾರೆ. ಗಿಟಾರ್‌ಗೆ ಸ್ಥಿರವಾದ ಮೆಟ್ಟುಗಳಿರುವುದೇ ಇದಕ್ಕೆ ಅಡ್ಡಿ ಎಂಬ ಮಾತು ಬಳಕೆಯಲ್ಲಿದೆ. ಆದರೆ 24 ಮೆಟ್ಟುಗಳ ವೀಣೆಯಲ್ಲಿಯೂ ಮೆಟ್ಟುಗಳನ್ನು ಮೇಣದಲ್ಲಿ ಸ್ಥಿರವಾಗಿ ಕೂರಿಸಿರುತ್ತಾರೆ. ಮುಖ್ಯ ವ್ಯತ್ಯಾಸವಿರುವುದು ಮೆಟ್ಟಿನ ಎತ್ತರ ಮತ್ತು ತಂತಿಯ ಬಿಗಿತದಲ್ಲಿ. ವೀಣೆಯ ಎತ್ತರದ ಮೆಟ್ಟಿನ ಮೇಲೆ ಸಡಿಲವಾದ ತಂತಿಯನ್ನು ಪಕ್ಕಕ್ಕೆ ಎಳೆದು ಒಂದೇ ಮೆಟ್ಟಿನಲ್ಲಿ ಹಲವು ಸ್ವರಗಳನ್ನು ಹೊರಡಿಸಬಹುದು. ಗಿಟಾರ್‌ನ ಮೆಟ್ಟು ಸುಮಾರು ಒಂದು ಮಿ.ಮೀ. ಎತ್ತರದ್ದು, ತಂತಿಯೂ ಬಿಗಿಯಾದುದು. ಅದರಲ್ಲಿ ಅಷ್ಟು ದೂರ ಎಳೆಯುವುದು ಕಷ್ಟ. ಈ ತೊಡಕನ್ನು ವಾದಕರು ಎರಡು ಬಗೆಯಲ್ಲಿ ಪರಿಹರಿಸಿಕೊಂಡರು.

ಜಾರುಗೋಲಿನ ಗಿಟಾರ್

ಮೊದಲನೆಯ ಪರಿಹಾರ ಹವಾಯಿ ದ್ವೀಪಗಳಿಂದ ಬಂದಿತು. ಅಲ್ಲಿಯ ಜೋಸೆಫ್ ಕೆಕುಕು (1874–1932) ಗಿಟಾರನ್ನು ತೊಡೆಯ ಮೇಲಿಟ್ಟು, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಕ್ರಮದ ಪ್ರವರ್ತಕರೆಂದು ಹೆಸರಾಗಿದ್ದಾರೆ. ಈ ಕ್ರಮದಲ್ಲಿ ಬೆರಳು ಮೆಟ್ಟನ್ನು ಒತ್ತುವುದೇ ಇಲ್ಲ. ಸ್ವರವು ಗಾಯಕನ ಕಂಠದಂತೆ ತಡೆಯಿಲ್ಲದೆ ಜಾರುತ್ತದೆ. ಭಾರತದ ಕಿವಿಗೆ ಇದು ಅಪರಿಚಿತವಾಗಿರಲಿಲ್ಲ. ವಿಚಿತ್ರವೀಣೆ ಮತ್ತು ಗೋಟುವಾದ್ಯ ಎನ್ನುವ ಚಿತ್ರವೀಣೆಗಳನ್ನು ನುಡಿಸುವ ರೀತಿಯೂ ಇದೇ. ಹವಾಯಿಯ ತಾವ್ ಮೋ (1908–2004) 1940ರ ದಶಕದಲ್ಲಿ ಕೋಲ್ಕತ್ತದಲ್ಲಿ ನೆಲೆಸಿ ಕಲಿಸಿದ್ದರಿಂದ ಈ ವಾದನಕ್ರಮ ಭಾರತದಲ್ಲಿ ಬೇರೂರಿತು.

ಅಲಿ ಅಕ್ಬರ್ ಖಾನರ ಶಿಷ್ಯರಾದ ಬ್ರಿಜ್‌ಭೂಷಣ್ ಕಾಬ್ರಾ (1937–2018) ಇದನ್ನು ಹಿಂದೂಸ್ತಾನಿ ಸಂಗೀತದ ಗಂಭೀರ ವಾದ್ಯವನ್ನಾಗಿಸಿದರು. ಶಿವಕುಮಾರ್ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರೊಂದಿಗೆ ಅವರು ನುಡಿಸಿದ, 1967ರ ಕಾಲ್ ಆಫ್ ದ ವ್ಯಾಲಿ ಧ್ವನಿಮುದ್ರಿಕೆ ಬಹು ಜನಪ್ರಿಯವಾಯಿತು. ಜೈಪುರದ ವಿಶ್ವಮೋಹನ್ ಭಟ್ (ಜನನ 1950) ಗಿಟಾರ್‌ಗೆ ಚಿಕಾರಿ ಮತ್ತು ತರಪ್ ತಂತಿಗಳನ್ನು ಸೇರಿಸಿ ಮೋಹನವೀಣೆಯನ್ನು ರೂಪಿಸಿದರು. ಅಮೆರಿಕದ ರೈ ಕೂಡರ್ ಅವರೊಂದಿಗಿನ ಮುದ್ರಿಕೆಗೆ ಅವರು 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು.

ಕರ್ನಾಟಕದಲ್ಲಿ ಈ ಪರಂಪರೆಯ ಪ್ರಮುಖ ಪ್ರತಿನಿಧಿ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ. ರಿಕಿ ಕೇಜ್ ಮತ್ತು ವೌಟರ್ ಕೆಲ್ಲರ್‌ಮನ್ ಅವರ, 2015ರಲ್ಲಿ ಗ್ರ್ಯಾಮಿ ಪಡೆದ ವಿಂಡ್ಸ್ ಆಫ್ ಸಂಸಾರ ಮುದ್ರಿಕೆಯಲ್ಲಿ ಅವರ ವಾದನವಿದೆ. ಗಾಯನಕ್ಕೇ ಅಗ್ರಸ್ಥಾನವಿರುವ ಬೆಳಗಾವಿ–ಧಾರವಾಡ ಸೀಮೆಯಲ್ಲಿ, ಸುಳೇಭಾವಿಯಲ್ಲಿ ಜನಿಸಿದ ಕುಮಾರ ಗಂಧರ್ವರಂಥವರ ಹಾಡುಗಾರಿಕೆ ಕೇಳಿ ಬೆಳೆದ ಶ್ರೋತೃಗಳು ವಾದ್ಯವೂ ಹಾಡಬೇಕೆಂದು ಬಯಸುತ್ತಾರೆ. ಜಾರುಗೋಲಿನ ಗಿಟಾರ್ ಆ ನಿರೀಕ್ಷೆಗೆ ಹತ್ತಿರವಾದುದು.

ಮೆಟ್ಟಿನ ಗಿಟಾರ್

ಎರಡನೆಯ ಪರಿಹಾರವೆಂದರೆ ಮೆಟ್ಟುಗಳನ್ನು ಒತ್ತಿಯೇ ಗಮಕ ನುಡಿಸುವುದು. ಬ್ರಿಟನ್ನಿನ ಜಾನ್ ಮೆಕ್‌ಲಾಕ್ಲಿನ್ 1970ರ ದಶಕದಲ್ಲಿ ಶಕ್ತಿ ತಂಡಕ್ಕಾಗಿ, ಮೆಟ್ಟುಗಳ ನಡುವಿನ ಮರವನ್ನು ತಗ್ಗಾಗಿ ಕೊರೆದ ಗಿಟಾರ್ ಮಾಡಿಸಿಕೊಂಡರು. ಬೆರಳಿಗೆ ಮರ ತಾಗದಿರುವುದರಿಂದ ತಂತಿಯನ್ನು ವೀಣೆಯಂತೆ ಎಳೆಯಲು ಅನುಕೂಲವಾಗುತ್ತದೆ. ತಮಿಳುನಾಡಿನ ಆರ್. ಪ್ರಸನ್ನ (ಜನನ 1970) ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಪೂರ್ಣಪ್ರಮಾಣದ ಕರ್ನಾಟಕ ಸಂಗೀತ ಕಚೇರಿಗಳನ್ನು ನೀಡುತ್ತ ಬಂದಿದ್ದಾರೆ.

ಚಿತ್ರಸಂಗೀತ ಮತ್ತು ಸುಗಮ ಸಂಗೀತ

ಕನ್ನಡ ಚಿತ್ರಸಂಗೀತಕ್ಕೂ ಗಿಟಾರ್‌ಗೂ ಇರುವ ನಂಟಿನಲ್ಲಿ ಇಳಯರಾಜ (ಜನನ 1943) ಅವರ ಹೆಸರು ಮುಖ್ಯವಾದುದು. ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಅವರು ಗಿಟಾರ್ ವಾದಕರಾಗಿದ್ದರು ಮತ್ತು ಕನ್ನಡದ ಹೆಸರಾಂತ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿ ಅನೇಕ ಕನ್ನಡ ಚಿತ್ರಗಳಲ್ಲಿ ದುಡಿದರು. ಮುಂದೆ ಶಂಕರನಾಗ್ ನಿರ್ದೇಶನದ ಗೀತಾ (1981) ಮತ್ತು ಮಣಿರತ್ನಂ ಅವರ ಮೊದಲ ಚಿತ್ರವಾದ ಪಲ್ಲವಿ ಅನುಪಲ್ಲವಿ (1983) ಚಿತ್ರಗಳಿಗೆ ಸಂಗೀತ ನೀಡಿದರು. ಎರಡನೆಯ ಚಿತ್ರದ ಸಂಗೀತದ ಎಳೆಯೊಂದು ಮೊಬೈಲ್ ಕಂಪನಿಯ ಜಾಹೀರಾತಿನ ಮೂಲಕ ದೇಶಾದ್ಯಂತ ಪರಿಚಿತವಾಯಿತು.

ಸುಗಮ ಸಂಗೀತದ ವೇದಿಕೆಯಲ್ಲಿ ತಬಲಾ, ಕೊಳಲು ಮತ್ತು ಕೀಬೋರ್ಡ್ ಜೊತೆಗೆ ಗಿಟಾರ್ ಬಳಸುವುದು ಈಗ ವಾಡಿಕೆಯಾಗಿದೆ. ಇಲ್ಲಿ ವಾದಕನ ಮೊದಲ ಕೆಲಸ ಗಾಯಕನ ಆಧಾರಶ್ರುತಿಗೆ ಹೊಂದಿಕೊಳ್ಳುವುದು. ಇದಕ್ಕಾಗಿ ಕ್ಯಾಪೊ ಎಂಬ ಹಿಡಿಯನ್ನು ಕುತ್ತಿಗೆಗೆ ಹಾಕುತ್ತಾರೆ. ಸಿ ಸ್ವರದಲ್ಲಿ ಅಭ್ಯಾಸ ಮಾಡಿದ ಹಾಡನ್ನು ಡಿ ಸ್ವರದಲ್ಲಿ ಹಾಡಬೇಕಾದರೆ ಕ್ಯಾಪೊವನ್ನು ಎರಡನೆಯ ಮೆಟ್ಟಿಗೆ ಹಾಕಿ, ಅದೇ ಬೆರಳಿನ್ಯಾಸವನ್ನು ಮುಂದುವರಿಸಬಹುದು.

ಬೆಂಗಳೂರಿನ ವಾದಕರು ಮತ್ತು ತಂಡಗಳು

ಬೆಂಗಳೂರು ರಾಜ್ಯದ ಗಿಟಾರ್ ಚಟುವಟಿಕೆಯ ಕೇಂದ್ರ. ಸಂಸ್ಕಾರ ಚಿತ್ರದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಮತ್ತು ನಟಿ ಸ್ನೇಹಲತಾ ರೆಡ್ಡಿ ಅವರ ಮಗ ಕೊನಾರ್ಕ್ ರೆಡ್ಡಿ ಹಾಗೂ ಜಾಝ್ ವಾದಕ ಅಮಿತ್ ಹೆರಿ ಇಲ್ಲಿಯ ಹಿರಿಯ ವಾದಕರು. ಬ್ರೂಸ್ ಲೀ ಮಣಿ ಅವರ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ 1996ರಲ್ಲಿ, ಹೆವಿ ಮೆಟಲ್ ಶೈಲಿಯ ಕ್ರಿಪ್ಟೋಸ್ ತಂಡ 1998ರಲ್ಲಿ ಆರಂಭವಾದವು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅಕೌಸ್ಟಿಕ್ ಗಿಟಾರ್ ಹಿಡಿದು ಶಿಶುನಾಳ ಶರೀಫರ ತತ್ವಪದಗಳನ್ನು ಹಾಡಿ ಹೊಸ ಪೀಳಿಗೆಗೆ ತಲುಪಿಸಿದರು. ಅವರ ಸಹೋದರ ವಾಸು ದೀಕ್ಷಿತ್ ಸ್ವರಾತ್ಮ ತಂಡದ ಗಾಯಕರು.

ಪ್ರಸಿದ್ಧ ವಿದೇಶಿ ವಾದಕರನ್ನು ನೇರವಾಗಿ ಕೇಳುವ ಅವಕಾಶವೂ ನಗರಕ್ಕೆ ದೊರೆತಿದೆ. ಮಾರ್ಕ್ ನಾಫ್ಲರ್ 2005ರಲ್ಲಿ, ಐರನ್ ಮೇಡನ್ ತಂಡ 2007ರಲ್ಲಿ ಮತ್ತು ಮೆಟಾಲಿಕಾ ತಂಡ 2011ರಲ್ಲಿ ಬೆಂಗಳೂರಿನಲ್ಲಿ ಕಾರ್ಯಕ್ರಮ ನೀಡಿದವು. ನಾಫ್ಲರ್ ಪಿಕ್ ಬಳಸದೆ ಬರಿಬೆರಳಿನಿಂದ ಮೀಟುವ ಕ್ರಮ ಗಿಟಾರ್ ಪ್ರಿಯರಲ್ಲಿ ಇಂದಿಗೂ ಚರ್ಚೆಯ ವಿಷಯ.

ಕಲಿಕೆ ಮತ್ತು ಕೂಡಿ ನುಡಿಸುವ ರೂಢಿ

1987ರಲ್ಲಿ ಸ್ಥಾಪನೆಯಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಮುಂತಾದ ಸಂಸ್ಥೆಗಳಲ್ಲಿ ಕ್ರಮಬದ್ಧ ಶಿಕ್ಷಣ ದೊರೆಯುತ್ತದೆ. ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ ಪರೀಕ್ಷೆಗಳಲ್ಲಿ ಎಂಟು ದರ್ಜೆಗಳಿವೆ. ಆದರೆ ಬಹುಪಾಲು ವಾದಕರು ಕಲಿಯುವುದು ಒಬ್ಬರಿಂದೊಬ್ಬರು ನೋಡಿ. ಗುರುಮುಖೇನ ಕಲಿಯುವ ವೀಣೆ, ಸಿತಾರ್‌ಗಳಿಗಿಂತ ಗಿಟಾರ್ ಈ ವಿಷಯದಲ್ಲಿ ಭಿನ್ನವಾಗಿದೆ. ಒಬ್ಬರ ವಾದ್ಯವನ್ನು ಇನ್ನೊಬ್ಬರು ಕೈಗೆತ್ತಿಕೊಂಡು ನುಡಿಸಿ ನೋಡುವುದು, ಮೆಚ್ಚಿನ ವಾದಕರ ಕ್ರಮವನ್ನು ಅನುಕರಿಸುವುದು, ತಂತಿಯ ದಪ್ಪ ಮತ್ತು ಶ್ರುತಿಯ ಅನುಭವ ಹೇಳಿಕೊಳ್ಳುವುದು ಇಲ್ಲಿಯ ಪಾಠಕ್ರಮ. ಹೀಗೆ ಪೂರ್ವಸಿದ್ಧತೆಯಿಲ್ಲದೆ ಕೂಡಿ ನುಡಿಸುವುದಕ್ಕೆ ಜಾಮ್ ಎಂದು ಹೆಸರು. 1990ರ ದಶಕದಿಂದ ಬೆಂಗಳೂರಿನಲ್ಲಿ ಸ್ವಾತಂತ್ರ್ಯ ದಿನದ ಸಂದರ್ಭದಲ್ಲಿ ನಡೆದುಬಂದ ಫ್ರೀಡಮ್ ಜಾಮ್ ಉಚಿತ ಸಂಗೀತೋತ್ಸವವು ಅನೇಕ ಹೊಸ ತಂಡಗಳಿಗೆ ಮೊದಲ ವೇದಿಕೆಯಾಯಿತು.

ಆರಂಭಿಕರಿಗೆ ಕೋಲ್ಕತ್ತದ ಗಿವ್ಸನ್‌ನಂಥ ದೇಶೀಯ ಗಿಟಾರ್‌ಗಳು ಬಹುಕಾಲದಿಂದ ಪರಿಚಿತವಾಗಿವೆ.

ಹವಾಮಾನ ಮತ್ತು ವಾದ್ಯದ ಆರೈಕೆ

ಗಿಟಾರ್‌ಗೆ ಶೇಕಡಾ 45ರಿಂದ 55ರಷ್ಟು ತೇವಾಂಶ ಸೂಕ್ತ. ಖಾನಾಪುರ ತಾಲೂಕಿನ ಹಲಸಿ, ಲೋಂಡಾ, ಕಣಕುಂಬಿಗಳಂತಹ ಘಟ್ಟದಂಚಿನ ಊರುಗಳಲ್ಲಿ ಮಳೆಗಾಲದ ತೇವಾಂಶ ಇದಕ್ಕಿಂತ ಬಹಳ ಹೆಚ್ಚು. ಆಗ ಮರ ಉಬ್ಬಿ ತಂತಿಗಳು ಮೆಟ್ಟಿನಿಂದ ಮೇಲೇಳುತ್ತವೆ, ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ. ವಿಜಯಪುರ, ಕಲಬುರಗಿಯಂತಹ ಬಯಲುಸೀಮೆಯಲ್ಲಿ ಬೇಸಿಗೆಯ ತೊಂದರೆ ಇದಕ್ಕೆ ವಿರುದ್ಧ: ಮರ ಕುಗ್ಗಿ ಮೆಟ್ಟಿನ ತುದಿಗಳು ಬೆರಳಿಗೆ ಚುಚ್ಚುತ್ತವೆ, ಕೆಲವೊಮ್ಮೆ ಒಡಲು ಬಿರುಕು ಬಿಡುತ್ತದೆ.

* ನುಡಿಸಿದ ಬಳಿಕ ತಂತಿಗಳನ್ನು ಒಣಬಟ್ಟೆಯಿಂದ ಒರೆಸಬೇಕು.
* ಮಳೆಗಾಲದಲ್ಲಿ ವಾದ್ಯವನ್ನು ಹೊರಗೋಡೆಗೆ ನೇತುಹಾಕದೆ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಪೆಟ್ಟಿಗೆಯಲ್ಲಿಡಬೇಕು.
* ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಬಿಡಬಾರದು; ಕಾವಿಗೆ ಅಂಟು ಸಡಿಲವಾಗಿ ಕುದುರೆ ಕಿತ್ತುಬರಬಹುದು.

ಇವನ್ನೂ ನೋಡಿ

* ವೀಣೆ
* ಚಿತ್ರವೀಣೆ
* ಮೋಹನವೀಣೆ
* ಬೀಟೆ ಮರ
* ಸುಗಮ ಸಂಗೀತ