ಗಾಳಿಯಲ್ಲೊಂದು ಗೋಮಾಳ: ಮನೆಯ ರೂಟರಿನ ಇತಿಹಾಸ

ಇತಿಹಾಸವೆಂಬುದು ಕೋಟೆಕೊತ್ತಲಗಳಲ್ಲಿಯೂ ಶಿಲಾಶಾಸನಗಳಲ್ಲಿಯೂ ಮಾತ್ರ ಇರುತ್ತದೆಂದು ಭಾವಿಸುವವರು ಬಹಳ. ಆದರೆ ನಾವು ದಿನನಿತ್ಯ ಮುಟ್ಟುವ ಸಾಮಾನ್ಯ ಪದಾರ್ಥಗಳಿಗೂ ಒಂದೊಂದು ವಂಶಾವಳಿ ಇದೆ. ಹಜಾರದ ಗೋಡೆಯ ಮೇಲೆ ಹಸಿರು ದೀಪ ಮಿನುಗಿಸುತ್ತ ಕುಳಿತಿರುವ ರೂಟರ್ ಎಂಬ ಪುಟ್ಟ ಪೆಟ್ಟಿಗೆಯೂ ಅದಕ್ಕೆ ಹೊರತಲ್ಲ. ಇತ್ತೀಚೆಗೆ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆಯೊಂದಿದೆ: “ಮೇಷ್ಟ್ರೇ, ಎರಡು ಕೋಣೆಯ ಚಿಕ್ಕ ಫ್ಲ್ಯಾಟಿಗೆ ಕೈಗೆಟುಕುವ ಬೆಲೆಯ ರೂಟರ್ ಯಾವುದು?” ಅಂಗಡಿಯವನನ್ನು ಕೇಳಬೇಕಾದುದನ್ನು ಸಮಾಜ ವಿಜ್ಞಾನದ ಮೇಷ್ಟರನ್ನು ಕೇಳಿದರೆ ಉತ್ತರವು ಇತಿಹಾಸದಿಂದಲೇ ಆರಂಭವಾಗುವುದು ಸಹಜ. ಈ ಯಂತ್ರ ಇಷ್ಟು ಅಗ್ಗವಾದದ್ದು ಹೇಗೆಂದು ತಿಳಿದರೆ, ಯಾವುದನ್ನು ಕೊಳ್ಳಬೇಕು, ಯಾವುದಕ್ಕೆ ಹಣ ಸುರಿಯಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ.

ರೂಟರಿನ ಮೂಲಪುರುಷನನ್ನು ಹುಡುಕಿಕೊಂಡು ಹೊರಟರೆ ನಾವು 1969ಕ್ಕೆ ತಲಪುತ್ತೇವೆ. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಅರ್ಪಾನೆಟ್ ಎಂಬ ಗಣಕಜಾಲವನ್ನು ಕಟ್ಟುತ್ತಿದ್ದ ಕಾಲವದು. ಒಂದೊಂದು ವಿಶ್ವವಿದ್ಯಾಲಯದ ಗಣಕಯಂತ್ರವೂ ಒಂದೊಂದು ಜಾತಿಯದು. ಒಂದರ ಭಾಷೆ ಮತ್ತೊಂದಕ್ಕೆ ತಿಳಿಯದು. ಆದುದರಿಂದ ಪ್ರತಿ ಊರಿನಲ್ಲಿಯೂ ನಡುವೆ ನಿಂತು ಸಂದೇಶಗಳನ್ನು ಸಾಗಿಸಲು ಇಂಟರ್‌ಫೇಸ್ ಮೆಸೇಜ್ ಪ್ರೊಸೆಸರ್ ಎಂಬ ಬೇರೊಂದು ಯಂತ್ರವನ್ನು ಇರಿಸಿದರು. ಬಿಬಿಎನ್ ಎಂಬ ಸಂಸ್ಥೆ ಹನಿವೆಲ್ ಗಣಕವೊಂದನ್ನು ಮಾರ್ಪಡಿಸಿ ಇದನ್ನು ತಯಾರಿಸಿತು. ಗಾತ್ರದಲ್ಲಿ ಅದು ದೊಡ್ಡ ಬೀರುವಿನಷ್ಟಿತ್ತು. ಆ ವರ್ಷದ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ‘ಲಾಗಿನ್’ ಎಂಬ ಪದವನ್ನು ಕಳುಹಿಸಲು ಯತ್ನಿಸಿದಾಗ ಮೊದಲ ಎರಡು ಅಕ್ಷರಗಳು ತಲಪುವಷ್ಟರಲ್ಲಿ ಆಚೆಯ ಗಣಕ ಸ್ತಬ್ಧವಾಯಿತು. ಇಂದಿನ ಅಂತರಜಾಲದ ಬಾಲ್ಯ ಹೀಗಿತ್ತು.

ಆ ಯಂತ್ರ ಮಾಡುತ್ತಿದ್ದ ಕೆಲಸವನ್ನು ನಮ್ಮ ಪೀಳಿಗೆಯವರಿಗೆ ವಿವರಿಸುವುದು ಸುಲಭ. ರೈಲಿನಲ್ಲಿ ಆರ್.ಎಂ.ಎಸ್. ಎಂಬ ಅಂಚೆ ಬೋಗಿ ಇರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದರೊಳಗೆ ನೌಕರರು ಕಾಗದಗಳ ವಿಳಾಸ ನೋಡಿ, ಊರೂರಿನ ಖಾನೆಗಳಿಗೆ ಹಾಕಿ, ಮುಂದಿನ ನಿಲ್ದಾಣಕ್ಕೆ ಚೀಲ ಕಟ್ಟುತ್ತಿದ್ದರು. ರೂಟರ್ ಕೂಡ ಅದನ್ನೇ ಮಾಡುತ್ತದೆ. ಸಂದೇಶವನ್ನು ಚೂರುಚೂರು ಮಾಡಿ ಪ್ರತಿ ಚೂರಿಗೂ ವಿಳಾಸ ಬರೆದಿರುತ್ತಾರೆ. ಅದನ್ನು ಓದಿ ಸರಿಯಾದ ದಾರಿಗೆ ತಳ್ಳುವುದಷ್ಟೇ ಅದರ ವೃತ್ತಿ. 1984ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲೆನಾರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ದಂಪತಿಗಳು ಸಿಸ್ಕೊ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ರೂಟರ್ ಮಾರಾಟದ ಸರಕಾಯಿತು. ಆದರೆ ಅದು ಕಚೇರಿಗಳ, ವಿದ್ಯಾಸಂಸ್ಥೆಗಳ ಸೊತ್ತಾಗಿಯೇ ಉಳಿಯಿತು.

ಅದು ಮನೆಯ ವಸ್ತುವಾಗಲು ಎರಡು ಸಂಗತಿಗಳು ನಡೆಯಬೇಕಾಗಿತ್ತು. ಮೊದಲನೆಯದು ವಿಳಾಸದ ಸಮಸ್ಯೆ. ಅಂತರಜಾಲದ ಮೂಲ ಯೋಜನೆಯಲ್ಲಿ ಇದ್ದ ವಿಳಾಸಗಳ ಸಂಖ್ಯೆ ಸುಮಾರು 430 ಕೋಟಿ. ಮನೆಯ ಪ್ರತಿಯೊಂದು ಉಪಕರಣಕ್ಕೂ ಒಂದೊಂದು ವಿಳಾಸ ಕೊಡುತ್ತ ಹೋದರೆ ಅದು ಸಾಲದೆಂಬುದು 1990ರ ದಶಕದ ಆರಂಭದಲ್ಲಿಯೇ ಗೋಚರಿಸಿತು. 1994ರಲ್ಲಿ ಒಂದು ಉಪಾಯ ಪ್ರಕಟವಾಯಿತು: ಮನೆಗೆಲ್ಲ ಒಂದೇ ವಿಳಾಸವಿರಲಿ, ಒಳಗಿನ ಹಂಚಿಕೆಯನ್ನು ಬಾಗಿಲಲ್ಲಿ ಕುಳಿತ ಯಂತ್ರ ನೋಡಿಕೊಳ್ಳಲಿ. ವಿದ್ಯಾರ್ಥಿನಿಲಯಕ್ಕೆ ಬಂದ ಕಾಗದಗಳನ್ನೆಲ್ಲ ವಾರ್ಡನ್ ಪಡೆದು ಅವರವರ ಕೋಣೆಗೆ ತಲಪಿಸಿದಂತೆ. ಇಂದು ನಿಮ್ಮ ಮನೆಯಲ್ಲಿ ಆರು ಫೋನುಗಳೂ ಒಂದು ದೂರದರ್ಶನವೂ ಒಂದೇ ಸಂಪರ್ಕದಲ್ಲಿ ನಡೆಯುತ್ತಿದ್ದರೆ ಅದು ಈ ಉಪಾಯದ ಫಲ.

ಎರಡನೆಯ ಸಂಗತಿಯೇ ಈ ಲೇಖನದ ತಿರುಳು. ಅದು ಗಾಳಿಗೆ ಸಂಬಂಧಿಸಿದ್ದು.

ನಮ್ಮ ಹಳ್ಳಿಗಳ ಕಂದಾಯ ದಾಖಲೆಗಳಲ್ಲಿ ‘ಗೋಮಾಳ’ ಎಂಬುದೊಂದಿದೆ. ಊರಿನ ದನಗಳು ಮೇಯಲೆಂದು ಬಿಟ್ಟ ಭೂಮಿ. ಅದಕ್ಕೆ ಗೇಣಿಯಿಲ್ಲ, ಬೇಲಿಯಿಲ್ಲ. ಬಡವನ ಒಂಟಿ ಹಸುವಿಗೂ ಪಟೇಲರ ಹತ್ತು ಎತ್ತಿಗೂ ಅಲ್ಲಿ ಒಂದೇ ಹಕ್ಕು. ರೇಡಿಯೋ ತರಂಗಗಳ ಲೋಕದಲ್ಲಿಯೂ ಇಂತಹ ಗೋಮಾಳವೊಂದಿದೆ. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನವು ಕೆಲವು ತರಂಗಪಟ್ಟಿಗಳನ್ನು ಕೈಗಾರಿಕೆ, ವಿಜ್ಞಾನ ಹಾಗೂ ವೈದ್ಯಕೀಯ ಯಂತ್ರಗಳಿಗೆಂದು ತೆಗೆದಿರಿಸಿತು. ಮೈಕ್ರೋವೇವ್ ಒಲೆಯಂತಹ ಯಂತ್ರಗಳು ಗದ್ದಲವೆಬ್ಬಿಸುವ ಆ ಜಾಗದಲ್ಲಿ ಸಂಪರ್ಕದ ಕೆಲಸ ನಡೆಯದೆಂದು ತಜ್ಞರು ಅದನ್ನು ಬಂಜರೆಂದೇ ಬಗೆದಿದ್ದರು. 2.4 ಗಿಗಾಹರ್ಟ್ಸ್ ಪಟ್ಟಿ ಅಂತಹುದರಲ್ಲಿ ಒಂದು.

1985ರಲ್ಲಿ ಅಮೆರಿಕದ ಸಂಪರ್ಕ ಆಯೋಗವು, ಮೈಕೆಲ್ ಮಾರ್ಕಸ್ ಎಂಬ ತನ್ನ ಎಂಜಿನಿಯರ್ ಒತ್ತಾಸೆಯಿಂದ, ಈ ಬಂಜರನ್ನು ಯಾರು ಬೇಕಾದರೂ ಪರವಾನಗಿಯಿಲ್ಲದೆ ಸಂಪರ್ಕಕ್ಕೆ ಬಳಸಬಹುದೆಂದು ನಿಯಮ ಮಾಡಿತು. ನಿಬಂಧನೆಗಳು ಸರಳ: ಅಲ್ಪ ಶಕ್ತಿಯಲ್ಲಿ ಮಾತನಾಡಬೇಕು, ಪಕ್ಕದವರ ಗದ್ದಲವನ್ನು ಸಹಿಸಿಕೊಳ್ಳಬೇಕು. ಅಂದು ಇದಕ್ಕೆ ಮಹತ್ವ ಕೊಟ್ಟವರು ವಿರಳ. ಆದರೆ 1997ರಲ್ಲಿ ಐಇಇಇ ಸಂಸ್ಥೆ 802.11 ಎಂಬ ಸಮಾನ ಮಾನಕವನ್ನು ಪ್ರಕಟಿಸಿತು. ಆಗಿನ ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರಲ್ಲಿ ಅದು 11ಕ್ಕೆ ಏರಿತು. ‘ವೈ-ಫೈ’ ಎಂಬ ಹೆಸರೂ ಅದೇ ವರ್ಷ ಹುಟ್ಟಿತು. 2003ರಲ್ಲಿ ಅದೇ ಗೋಮಾಳದಲ್ಲಿ ವೇಗ 54 ಆಯಿತು. ಮಾನಕ ಒಂದೇ ಆದುದರಿಂದ ಯಾವ ಕಂಪನಿಯ ರೂಟರಿಗೆ ಯಾವ ಕಂಪನಿಯ ಫೋನಾದರೂ ಹೊಂದುತ್ತದೆ. ಭೂಮಿಗೆ ಗೇಣಿಯಿಲ್ಲ, ಮಾನಕ ಎಲ್ಲರದು, ತಯಾರಕರು ನೂರಾರು. ಬೆಲೆ ಇಳಿಯದೆ ಇನ್ನೇನಾದೀತು? 1999ರಲ್ಲಿ ಆಪಲ್ ಸಂಸ್ಥೆಯ ನಿಸ್ತಂತು ಕೇಂದ್ರಕ್ಕೆ 299 ಡಾಲರ್ ಬೆಲೆಯಿತ್ತು. ಅದಕ್ಕಿಂತ ಅನೇಕ ಪಟ್ಟು ವೇಗದ ಪೆಟ್ಟಿಗೆ ಇಂದು ಅದರ ಒಂದು ಸಣ್ಣ ಅಂಶಕ್ಕೆ ದೊರೆಯುತ್ತದೆ.

ಇನ್ನು ನಮ್ಮ ದೇಶದ ಕಥೆ. ನಮ್ಮಲ್ಲಿ ಗಾಳಿಯೂ ಸರ್ಕಾರದ ಸೊತ್ತೇ ಆಗಿತ್ತು. 1933ರ ನಿಸ್ತಂತು ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧ. ಮನೆಯ ರೇಡಿಯೋಗೆ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ, ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ ದಿನಗಳನ್ನು ನಮ್ಮ ಬಂಧುವರ್ಗದ ಹಿರಿಯರು ಬಲ್ಲರು. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ಆದರೆ ಅದು ದೂರವಾಣಿ ತಂತಿಯ ಮೂಲಕ ಕರೆ ಮಾಡಿ ಪಡೆಯುವ ಮಂದಗತಿಯ ಸೇವೆ. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದೇ ‘ಬ್ರಾಡ್‌ಬ್ಯಾಂಡ್’ ಎಂದಿತು. 2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಡೇಟಾವನ್ ಸೇವೆ ಆರಂಭವಾಯಿತು. ಅದೇ ಜನವರಿಯ 28ರಂದು, ಪತ್ರಿಕೆಗಳಲ್ಲಿ ಹೆಚ್ಚು ಸದ್ದು ಮಾಡದ ಅಧಿಸೂಚನೆಯೊಂದು 2.4 ಗಿಗಾಹರ್ಟ್ಸ್ ಪಟ್ಟಿಯ ಅಲ್ಪಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿತು. ತಂತಿ ಮನೆಯ ಬಾಗಿಲಿಗೆ ಬಂದ ತಿಂಗಳಲ್ಲಿಯೇ ಮನೆಯೊಳಗಿನ ಗಾಳಿಯೂ ಮುಕ್ತವಾಯಿತು.

ಇದರ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಒಂದು ಹೋಲಿಕೆ ಸಾಕು. 2010ರಲ್ಲಿ ಮೊಬೈಲ್ ಕಂಪನಿಗಳಿಗಾಗಿ 3ಜಿ ತರಂಗಗಳನ್ನು ಹರಾಜು ಹಾಕಿದಾಗ ಸರ್ಕಾರಕ್ಕೆ ಬಂದ ಮೊತ್ತ 67,000 ಕೋಟಿ ರೂಪಾಯಿಗಳಿಗೂ ಮಿಗಿಲು. ಆ ಹಣವನ್ನು ಕಡೆಗೆ ಗ್ರಾಹಕರಿಂದಲೇ ವಸೂಲು ಮಾಡಬೇಕಷ್ಟೆ. ನಿಮ್ಮ ಹಜಾರದ ರೂಟರ್ ಮಾತ್ರ ಯಾರಿಗೂ ಒಂದು ಪೈಸೆ ಗೇಣಿ ಕೊಡದೆ ಮಾತನಾಡುತ್ತಿದೆ.

ಆದರೆ ಗೋಮಾಳಕ್ಕೆ ಒಂದು ಸಂಕಟವುಂಟು: ದನ ಹೆಚ್ಚಿದರೆ ಹುಲ್ಲು ಸಾಲದು. 2.4 ಗಿಗಾಹರ್ಟ್ಸ್ ಪಟ್ಟಿಯ ಒಟ್ಟು ಅಗಲ 83.5 ಮೆಗಾಹರ್ಟ್ಸ್, ಒಂದು ರೂಟರಿಗೆ ಕನಿಷ್ಠ 20 ಬೇಕು. ಆದುದರಿಂದ ಒಂದಕ್ಕೊಂದು ತಾಗದ ಓಣಿಗಳು ಮೂರೇ: 1, 6 ಮತ್ತು 11. ನಲವತ್ತು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ನಲವತ್ತು ರೂಟರುಗಳು ಈ ಮೂರು ಓಣಿಗಳಲ್ಲಿ ಸರದಿ ಕಾಯುತ್ತಿರುತ್ತವೆ. ಸಂಜೆ ಏಳಕ್ಕೆ ಮಗುವಿನ ಪಾಠ ನಿಂತು ನಿಂತು ಬರುವುದು ಅನೇಕ ವೇಳೆ ಈ ನೂಕುನುಗ್ಗಲಿನಿಂದ. ಆಗ ‘ಹೆಚ್ಚು ಶಕ್ತಿಯ’ ಆರು ಕೊಂಬಿನ ರೂಟರ್ ತಂದರೆ ಗುಣವಿಲ್ಲ. ಶಕ್ತಿಗೆ ಕಾನೂನಿನ ಮಿತಿ ಇದ್ದೇ ಇದೆ. ಮೇಲಾಗಿ ಸಂತೆಯಲ್ಲಿ ಒಬ್ಬ ಕೂಗಿದರೆ ಎಲ್ಲರೂ ಕೂಗಬೇಕಾಗುತ್ತದೆ.

ಪರಿಹಾರವೂ ಇತಿಹಾಸದಲ್ಲಿಯೇ ಇದೆ. 2018ರ ಅಕ್ಟೋಬರಿನಲ್ಲಿ ನಮ್ಮ ಸರ್ಕಾರ 5 ಗಿಗಾಹರ್ಟ್ಸ್ ಪ್ರಾಂತದಲ್ಲಿ ಒಟ್ಟು 605 ಮೆಗಾಹರ್ಟ್ಸ್ ಜಾಗವನ್ನು ಪರವಾನಗಿಮುಕ್ತಗೊಳಿಸಿತು. ಹಳೆಯದರ ಏಳು ಪಟ್ಟಿಗೂ ಹೆಚ್ಚಿನ ಹೊಸ ಗೋಮಾಳ! ಈ ತರಂಗಗಳು ಗೋಡೆಯನ್ನು ದಾಟುವುದರಲ್ಲಿ ದುರ್ಬಲ. ದೊಡ್ಡ ಬಂಗಲೆಗೆ ಅದು ದೋಷ. ಚಿಕ್ಕ ಫ್ಲ್ಯಾಟಿಗೆ ಅದೇ ಗುಣ. ನೆರೆಮನೆಯ ಗದ್ದಲ ನಿಮ್ಮ ಗೋಡೆಯಲ್ಲಿಯೇ ಬಹುಪಾಲು ನಿಂತುಬಿಡುತ್ತದೆ.

ಈಗ ಪ್ರಶ್ನೆಗೆ ನೇರ ಉತ್ತರ ಕೊಡಬಹುದು.

ಮೊದಲು, ಕೊಳ್ಳುವ ಅಗತ್ಯವಿದೆಯೇ ನೋಡಿ. ಫೈಬರ್ ಸಂಪರ್ಕದವರು ಅಳವಡಿಸಿರುವ ಪೆಟ್ಟಿಗೆಯಲ್ಲಿಯೇ ಎಷ್ಟೋ ಬಾರಿ ವೈ-ಫೈ ಇರುತ್ತದೆ. ಅದನ್ನು ಬಾಗಿಲ ಮೂಲೆಯಿಂದಲೋ ದೂರದರ್ಶನದ ಹಿಂದಿನಿಂದಲೋ ತೆಗೆಸಿ, ಮನೆಯ ನಡುಭಾಗದಲ್ಲಿ ಎದೆಯೆತ್ತರಕ್ಕೆ ಇರಿಸಿದರೆ ಅರ್ಧ ಸಮಸ್ಯೆ ಖರ್ಚಿಲ್ಲದೆ ತೀರುತ್ತದೆ. ಕಬ್ಬಿಣದ ಬೀರುವಿನ ಪಕ್ಕವಂತೂ ಬೇಡ.

ಕೊಳ್ಳಲೇಬೇಕಾದರೆ, 2.4 ಮತ್ತು 5 ಎರಡೂ ಪಟ್ಟಿಗಳಿರುವ ಸಾಧಾರಣ ‘ಡ್ಯುಯಲ್ ಬ್ಯಾಂಡ್’ ರೂಟರ್ ಸಾಕು. 2.4 ಮಾತ್ರ ಇರುವುದನ್ನು ಎಷ್ಟೇ ಅಗ್ಗವಾದರೂ ಬಿಡಿ. ಪೆಟ್ಟಿಗೆಯ ಮೇಲಿನ ‘ಎಸಿ1200’ ಎಂಬ ಸಂಖ್ಯೆಗೆ ಮರುಳಾಗಬೇಡಿ. ಅದು ಒಂದು ಪಟ್ಟಿಯ 300ನ್ನೂ ಮತ್ತೊಂದರ 867ನ್ನೂ ಕೂಡಿಸಿ ಮೇಲಕ್ಕೆ ದುಂಡಾಗಿಸಿದ ಲೆಕ್ಕ. ಯಾವ ಫೋನಿಗೂ ಅಷ್ಟು ಸಿಗುವುದಿಲ್ಲ. ನೀವು ಹಣ ಕಟ್ಟುವ ಸಂಪರ್ಕ 50 ಅಥವಾ 100 ಮೆಗಾಬಿಟ್‌ನದಾದರೆ ಈ ದರ್ಜೆಯ ರೂಟರಿಗೂ ಕೆಲಸ ಕಡಿಮೆಯೇ. ಸಂಪರ್ಕ 100ನ್ನು ಮೀರಿದರೆ ಮಾತ್ರ ಹಿಂಬದಿಯ ತಂತಿಯ ಕಂಡಿ ‘ಗಿಗಾಬಿಟ್’ ಆಗಿದೆಯೇ ಎಂದು ವಿಚಾರಿಸಿ. ಇಲ್ಲವಾದರೆ ಬಾಗಿಲಲ್ಲಿಯೇ ವೇಗ 100ಕ್ಕೆ ಕುಗ್ಗುತ್ತದೆ. ಬೆಲೆಯಲ್ಲಿ ವ್ಯತ್ಯಾಸ ಅಲ್ಪವಾಗಿದ್ದರೆ ‘ವೈ-ಫೈ 6’ ತೆಗೆದುಕೊಳ್ಳುವುದು ಜಾಣತನ. ಜನನಿಬಿಡ ಸ್ಥಳಗಳಲ್ಲಿ ಸರದಿ ಕಾಯುವುದನ್ನು ಕಡಿಮೆ ಮಾಡುವುದೇ ಅದರ ಮುಖ್ಯ ಉದ್ದೇಶವಾಗಿತ್ತು. ಆದರೆ ನಿಮ್ಮ ಫೋನುಗಳಿಗೂ ಆ ವಿದ್ಯೆ ತಿಳಿದಿರಬೇಕು.

ಬೀಗದ ವಿಷಯದಲ್ಲಿ ಮಾತ್ರ ಔದಾಸೀನ್ಯ ಸಲ್ಲದು. ಗೋಮಾಳ ಎಲ್ಲರದಾದರೂ ಕೊಟ್ಟಿಗೆ ನಿಮ್ಮದೇ. 2008ರ ಜುಲೈ 26ರ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಮಿಂಚಂಚೆಯು, ನವಿ ಮುಂಬಯಿಯಲ್ಲಿ ವಾಸವಾಗಿದ್ದ ವಿದೇಶೀಯರೊಬ್ಬರ ಸಂಪರ್ಕದಿಂದ ಹೊರಟಿತ್ತು. ಅವರ ವೈ-ಫೈಗೆ ಭದ್ರತೆಯಿರಲಿಲ್ಲ. ಅನ್ಯರು ಅದನ್ನು ಬಳಸಿದ್ದರು. ನಿರಪರಾಧಿಯ ಮನೆಗೆ ಪೊಲೀಸರು ಬರುವಂತಾಯಿತು. 2017ರ ಜುಲೈಯಲ್ಲಿ ನಮ್ಮ ಕರ್ನಾಟಕದಲ್ಲಿಯೇ, ಕಾರ್ಖಾನೆಯ ಮೂಲ ಗುಪ್ತಪದವನ್ನು ಬದಲಿಸದಿದ್ದ ಅನೇಕ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ದುಷ್ಟ ತಂತ್ರಾಂಶಕ್ಕೆ ತುತ್ತಾದವು. ಆದುದರಿಂದ ರೂಟರಿನಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಭದ್ರತೆ ಇರಲಿ. ಡಬ್ಲ್ಯುಇಪಿ ಎಂಬ ಹಳೆಯ ಬೀಗವನ್ನು 2001ರಲ್ಲಿಯೇ ತಜ್ಞರು ಮುರಿದು ತೋರಿಸಿದ್ದಾರೆ. ವೈ-ಫೈ ಗುಪ್ತಪದವಲ್ಲದೆ, ರೂಟರಿನ ಒಳವ್ಯವಸ್ಥೆಯನ್ನು ಪ್ರವೇಶಿಸುವ ‘ಅಡ್ಮಿನ್’ ಗುಪ್ತಪದವನ್ನೂ ಮೊದಲ ದಿನವೇ ಬದಲಿಸಿ. ಅನೇಕರು ಮರೆಯುವುದು ಈ ಎರಡನೆಯದನ್ನೇ. ತಯಾರಕರು ಕಾಲಕಾಲಕ್ಕೆ ತಂತ್ರಾಂಶದ ಪರಿಷ್ಕರಣೆ ಒದಗಿಸುವ ರೂಟರನ್ನೇ ಆರಿಸಿ. ಬೆಲೆಯಲ್ಲಿ ಇನ್ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ.

ಕಡೆಯದಾಗಿ ನೆರೆಹೊರೆಯ ಧರ್ಮ. 2.4ರಲ್ಲಿ ನಿಮ್ಮ ರೂಟರಿನ ಅಗಲವನ್ನು 40ರ ಬದಲು 20 ಮೆಗಾಹರ್ಟ್ಸ್‌ಗೆ ಇರಿಸಿ. ಓಣಿ 1, 6, 11ರಲ್ಲಿ ಒಂದಿರಲಿ. ಮಧ್ಯದ 3 ಅಥವಾ 8ರಲ್ಲಿ ಕುಳಿತರೆ ಎರಡು ಓಣಿಗಳಿಗೂ ಅಡ್ಡ ನಿಂತಂತೆ. ಎಲ್ಲರೂ ಹೀಗೆ ಮಾಡಿದರೆ ಇಡೀ ಅಪಾರ್ಟ್‌ಮೆಂಟಿನ ವೇಗ ಹಣ ಖರ್ಚಿಲ್ಲದೆ ಸುಧಾರಿಸುತ್ತದೆ.

ನಮ್ಮ ಊರುಗಳ ಗೋಮಾಳಗಳು ಎಷ್ಟೋ ಕಡೆ ಒತ್ತುವರಿಯಾಗಿ, ಮಂಜೂರಾಗಿ, ನಿವೇಶನಗಳಾಗಿ ಕಣ್ಮರೆಯಾದವು; ಹೆಸರು ಮಾತ್ರ ಕಡತಗಳಲ್ಲಿ ಉಳಿಯಿತು. ಗಾಳಿಯ ಗೋಮಾಳ ಇನ್ನೂ ಉಳಿದಿದೆ. 6 ಗಿಗಾಹರ್ಟ್ಸ್ ಪ್ರಾಂತವನ್ನು 2020ರಲ್ಲಿ ಅಮೆರಿಕ ಮುಕ್ತಗೊಳಿಸಿದಂದಿನಿಂದ, ಅದನ್ನು ಹರಾಜು ಹಾಕಬೇಕೆ, ಎಲ್ಲರಿಗೂ ಬಿಡಬೇಕೆ ಎಂಬ ವಾದ ದೇಶದೇಶಗಳಲ್ಲಿ ನಡೆದಿದೆ. ಅಂತಹ ಸುದ್ದಿ ಪತ್ರಿಕೆಯಲ್ಲಿ ಕಂಡಾಗ ತಾಂತ್ರಿಕ ವಿಷಯವೆಂದು ಪುಟ ಮಗುಚಬೇಡಿ. ನಿಮ್ಮ ಮನೆಯ ಮುಂದಿನ ರೂಟರಿನ ಬೆಲೆ ನಿರ್ಧಾರವಾಗುವುದು ಅಂಗಡಿಗಿಂತ ಹೆಚ್ಚಾಗಿ ಅಲ್ಲಿ.