ಹಾಡಿನೊಳಗೆ ಅಡಗಿದ ಹೆಸರು

ಅರ್ಮೇನಿಯದವರು ತಮ್ಮ ಚರ್ಚಿನ ಪ್ರಾರ್ಥನೆಯ ಹಾಡಿಗೆ ‘ಶರಕಾನ್’ ಅಂತಾರೆ. ಇಲ್ಲಿ ಗಲ್ಫಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಅರ್ಮೇನಿಯದವರೊಬ್ಬರನ್ನು ‘ಇವನ್ನೆಲ್ಲ ಮೊದಲು ಬರೆದವರು ಯಾರು?’ ಅಂತ ಕೇಳಿದೆ. ‘ಮೆಸ್ರೋಪ್ ಮಾಶ್ತೋತ್ಸ್’ ಅಂತ ಥಟ್ಟನೆ ಉತ್ತರ ಬಂತು. ಆ ಉತ್ತರದ ಬೆನ್ನು ಹತ್ತಿ ಓದಿದಾಗ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾಲ್ಕನೇ ಶತಮಾನದ ಮೊದಲ ಭಾಗದಲ್ಲೇ ಅರ್ಮೇನಿಯದ ಅರಸರು ಕ್ರೈಸ್ತ ಧರ್ಮ ಸ್ವೀಕರಿಸಿದ್ದರು. ಆದ್ರೆ ಅರ್ಮೇನಿಯನ್ ಭಾಷೆಗೆ ಆಗ ಸ್ವಂತ ಲಿಪಿಯೇ ಇರಲಿಲ್ಲ. ಚರ್ಚಿನಲ್ಲಿ ಓದುತ್ತಿದ್ದುದು ಗ್ರೀಕ್ ಇಲ್ಲವೇ ಸಿರಿಯಾಕ್. ಕೇಳುವ ಸಾಮಾನ್ಯ ಜನಕ್ಕೆ ಅದು ತಲೆಗೆ ಹತ್ತುತ್ತಿರಲಿಲ್ಲ. ಸುಮಾರು 405ರಲ್ಲಿ ಮಾಶ್ತೋತ್ಸ್ 36 ಅಕ್ಷರಗಳ ಲಿಪಿ ರೂಪಿಸಿದರು. ಪ್ರಧಾನ ಧರ್ಮಗುರು ಸಹಾಕ್ ಅವರ ಬೆಂಬಲಕ್ಕೆ ನಿಂತರು. ಬೈಬಲ್ ತಾಯ್ನುಡಿಗೆ ಬಂತು. ಅದರ ಕೀರ್ತನೆಗಳ ಜೊತೆಗೇ ಹೊಸ ಸಾಲುಗಳು ಸೇರುತ್ತಾ, ಬೆಳೆದು ಶರಕಾನ್ ಆದವು.

ಪಶ್ಚಾತ್ತಾಪದ ಹಾಡುಗಳು ಮಾಶ್ತೋತ್ಸರವು, ಯೇಸುವಿನ ಕೊನೆಯ ವಾರದ ಹಾಡುಗಳು ಸಹಾಕರವು ಅನ್ನೋದು ಪರಂಪರೆಯ ಮಾತು. ಆದ್ರೆ ಹೀಗೆ ಹಂಚಿಕೊಡುವ ಪಟ್ಟಿಗಳು ಹುಟ್ಟಿದ್ದು ಎಷ್ಟೋ ಶತಮಾನಗಳ ನಂತರ. ಹಾಗಾಗಿ ವಿದ್ವಾಂಸರು ಅವನ್ನು ಪೂರ್ತಿ ಒಪ್ಪುವುದಿಲ್ಲ.

ಗಟ್ಟಿ ನೆಲ ಸಿಗೋದು ಏಳನೇ ಶತಮಾನದಲ್ಲಿ. ಧರ್ಮಗುರು ಕೋಮಿತಾಸ್ 618ರಲ್ಲಿ ಸಂತ ಹ್ರಿಪ್ಸಿಮೆಯ ಚರ್ಚು ಕಟ್ಟಿಸಿದರು. ಆ ಸಂತಳ ಮೇಲೆ ಅವರು ಬರೆದ ಹಾಡಿಗೆ 36 ಚರಣ. ಒಂದೊಂದು ಚರಣ ಅರ್ಮೇನಿಯನ್ ವರ್ಣಮಾಲೆಯ ಒಂದೊಂದು ಅಕ್ಷರದಿಂದ ಶುರುವಾಗುತ್ತೆ.

ಎಂಟನೇ ಶತಮಾನದ ಸಹಕದುಖ್ತ್ ಅನ್ನೋ ಹೆಣ್ಣುಮಗಳ ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಗಾರ್ನಿ ಕಣಿವೆಯ ಗುಹೆಯಲ್ಲಿ ಒಂಟಿಯಾಗಿದ್ದ ಆಕೆ, ಪರದೆಯ ಹಿಂದೆ ಕೂತು ಸಂಗೀತ ಹೇಳಿಕೊಡುತ್ತಿದ್ದಳಂತೆ. ಆಕೆಯದೆಂದು ಉಳಿದು ಬಂದಿರೋದು ಮೇರಿಯ ಮೇಲಿನ ಒಂದೇ ಹಾಡು. ಅದರ ಚರಣಗಳ ಮೊದಲಕ್ಷರಗಳನ್ನು ಜೋಡಿಸಿದರೆ ಆಕೆಯ ಹೆಸರೇ ಬರುತ್ತದೆ! ಅಂಕಿತ ನೋಡಿ ವಚನ ಯಾರದೆಂದು ಹೇಳುವ ನಮಗೆ ಈ ಜಾಣತನ ಬೇಗ ಅರ್ಥವಾಗುತ್ತೆ.

ಅದೇ ಕಾಲದ ಖೊಸ್ರೊವಿದುಖ್ತಳ ಪಾಲಿಗೆ ಇಷ್ಟು ಗಟ್ಟಿ ಸಾಕ್ಷಿ ಇಲ್ಲ. 737ರಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟ ಸಹೋದರ ವಾಹಾನನ ಮೇಲೆ ಆಕೆ ಬರೆದಳು ಅನ್ನುವ ಹಾಡು ಇದೆ. ಆದ್ರೆ ಕೆಲವರು ಅದನ್ನೂ ಸಹಕದುಖ್ತಳ ಲೆಕ್ಕಕ್ಕೆ ಹಾಕುತ್ತಾರೆ.

ರಾಗದ ಗತಿ ಇನ್ನೂ ಕಷ್ಟದ್ದು. ಸಾಹಿತ್ಯದ ಮೇಲೆ ‘ಖಾಜ್’ ಎಂಬ ಸ್ವರಚಿಹ್ನೆ ಬರೆಯುತ್ತಿದ್ದರು. ಕ್ರಮೇಣ ಅದನ್ನು ಓದುವ ವಿದ್ಯೆಯೇ ಕೈತಪ್ಪಿತು. ರಾಗ ಬಾಯಿಂದ ಬಾಯಿಗೆ ಬಂತು. 1870ರ ದಶಕದಲ್ಲಿ ನಿಕೊಘಾಯೋಸ್ ತಾಷ್ಜಿಯಾನ್ ಹಾಡುವವರಿಂದ ಕೇಳಿ ಹೊಸ ಲಿಪಿಯಲ್ಲಿ ಬರೆದಿಟ್ಟರು.

ಕಟ್ಟಡದ ಫಲಕದಲ್ಲಿ ಕಟ್ಟಿದವರ ಹೆಸರು ಇರೋದಿಲ್ಲ ಅಂತ ದುಡಿಯೋಕೆ ಬಂದ ನಮಗೆ ಹೇಳಿಕೊಡಬೇಕಿಲ್ಲ. ಹಾಡಿನ ವಿಷಯದಲ್ಲೂ ಜನ ದೊಡ್ಡವರ ಹೆಸರನ್ನೇ ನೆನಪಿಟ್ಟುಕೊಂಡರು. ಸಹಕದುಖ್ತ್ ಮಾತ್ರ ಪಟ್ಟಿ ಬರೆಯೋರನ್ನು ಕಾಯಲಿಲ್ಲ. ತನ್ನ ಹೆಸರನ್ನು ತಾನೇ ಹಾಡಿಗೆ ಹೆಣೆದಳು. 1,200 ವರ್ಷ ದಾಟಿದರೂ ಅದನ್ನು ಬಿಡಿಸಿ ತೆಗೆಯೋಕೆ ಆಗಿಲ್ಲ.