ತನಗೆ ತಾನೇ ಎದುರಾದ ಪದಗಳು

ಕನಸಿನಲ್ಲಿ ‘ಇಲ್ಲ’ ಎಂಬುದೇ ಇಲ್ಲ, ವಿರುದ್ಧವಾದ ಎರಡು ಸಂಗತಿಗಳು ಅಲ್ಲಿ ಒಂದೇ ರೂಪದಲ್ಲಿ ಬರುತ್ತವೆ ಎಂದು ವಾದಿಸುತ್ತಿದ್ದ ಸಿಗ್ಮಂಡ್ ಫ್ರಾಯ್ಡ್‌ಗೆ ಕಾರ್ಲ್ ಆಬೆಲ್ 1884ರಲ್ಲಿ ಪ್ರಕಟಿಸಿದ್ದ ಪುಸ್ತಿಕೆ ಸಿಕ್ಕಾಗ ಸ್ವರ್ಗಕ್ಕೆ ಮೂರೇ ಗೇಣು. ಆದಿಕಾಲದ ಮನುಷ್ಯ ಒಂದೇ ಪದದಲ್ಲಿ ಒಂದು ಅರ್ಥವನ್ನೂ ಅದರ ವಿರೋಧವನ್ನೂ ಹೇಳುತ್ತಿದ್ದ, ಇಂದಿನ ಭಾಷೆಗಳಲ್ಲೂ ಅದರ ಕುರುಹುಗಳಿವೆ ಎಂಬುದು ಆಬೆಲ್‌ನ ಸಿದ್ಧಾಂತ. 1910ರಲ್ಲಿ ಫ್ರಾಯ್ಡ್ ಅದನ್ನು ಮೆಚ್ಚಿ ಲೇಖನ ಬರೆದ. ಚೆಂದದ ಸಿದ್ಧಾಂತವೇ, ಆದರೆ ಇಂಗ್ಲಿಷಿನ ಚರಿತ್ರೆ ಇದನ್ನು ತಲೆಕೆಳಗು ಮಾಡುತ್ತದೆ. ಅಲ್ಲಿ ಇಂಥ ವಿರೋಧಗಳು ಆದಿಯಿಂದ ಉಳಿದುಬಂದವಲ್ಲ, ತಡವಾಗಿ ಹುಟ್ಟಿದವು.

‘ಕ್ಲೀವ್’ ಪದವನ್ನೇ ನೋಡಿ. 1611ರ ಇಂಗ್ಲಿಷ್ ಬೈಬಲ್ಲಿನ ಆದಿಕಾಂಡದಲ್ಲಿ ಗಂಡ ಹೆಂಡತಿಯನ್ನು ಸೇರಿಕೊಂಡಿರುವುದಕ್ಕೂ ಇದೇ ಕ್ರಿಯಾಪದ, ಅಬ್ರಹಾಮ ಬಲಿಗಾಗಿ ಸೌದೆ ಸೀಳುವುದಕ್ಕೂ ಇದೇ. ಸೀಳುವ ‘ಕ್ಲೀವ್’ ಮತ್ತು ಅಂಟುವ ಜರ್ಮನ್ ‘ಕ್ಲೇಬೆನ್’ ಎರಡನ್ನೂ ಜೋಡಿಸಿ ಫ್ರಾಯ್ಡ್ ತನ್ನ ಲೇಖನದಲ್ಲಿ ಸಾಕ್ಷಿಯಾಗಿ ಇಟ್ಟಿದ್ದ. ಹಳೆಯ ಇಂಗ್ಲಿಷಿನಲ್ಲಾದರೋ ಇವು ಬೇರೆ ಬೇರೆ: ಸೀಳಲು ‘ಕ್ಲೇಯೋಫಾನ್’, ಅಂಟಲು ‘ಕ್ಲಿಫಿಯಾನ್’. ಉಚ್ಚಾರಣೆ ಸವೆಯುತ್ತ ಬಂದು ಎರಡೂ ಒಂದೇ ಸದ್ದಿನಲ್ಲಿ ನಿಂತವು. ಸೀಳುತುಟಿಗೆ ವೈದ್ಯರು ಬಳಸುವ ‘ಕ್ಲೆಫ್ಟ್’ ಮೊದಲನೆಯದರ ಸಂತಾನ. ಅಂಟಿಕೊಂಡದ್ದನ್ನು ಯಾರೂ ‘ಕ್ಲೆಫ್ಟ್’ ಎನ್ನುವುದಿಲ್ಲ.

‘ಲೆಟ್’ ಪದದ್ದು ಇಷ್ಟು ಸುಲಭದ ಕತೆಯಲ್ಲ. ಬಿಡು ಎಂಬ ‘ಲೆಟ್’ ಎಲ್ಲರಿಗೂ ಗೊತ್ತು. ತಡೆ ಎಂಬ ‘ಲೆಟ್’ ಈಗ ಉಳಿದಿರುವುದು ಟೆನಿಸ್ ಅಂಗಳದಲ್ಲಿ ಮತ್ತು ಕಾನೂನಿನ ಭಾಷೆಯಲ್ಲಿ. ನಮ್ಮ ಪಾಸ್‌ಪೋರ್ಟಿನ ಮೊದಲ ಪುಟದಲ್ಲಿ ರಾಷ್ಟ್ರಪತಿಗಳ ಹೆಸರಿನಲ್ಲಿ ಮಾಡಿರುವ ವಿನಂತಿಯಲ್ಲೂ ಅದಿದೆ. ಹಳೆಯ ಇಂಗ್ಲಿಷಿನಲ್ಲಿ ಇವೂ ಎರಡು ಕ್ರಿಯಾಪದಗಳೇ. ಆದರೆ ತೀರ ಹಿಂದಕ್ಕೆ ಹೋದರೆ ಎರಡಕ್ಕೂ ಒಂದೇ ಬೇರು ಸಿಗುತ್ತದೆ, ಹಾಗಾದರೆ ಗೆದ್ದದ್ದು ಆಬೆಲ್ ಅಲ್ಲವೇ ಎಂದು ಕೇಳಬಹುದು. ಅಲ್ಲ. ಆ ಬೇರಿನ ಅರ್ಥ ‘ಸಡಿಲ’ ಎಂಬಂಥದ್ದು. ಹಿಡಿತ ಸಡಿಲಿಸಿದರೆ ಬಿಟ್ಟಂತಾಯಿತು. ನಡಿಗೆಯನ್ನು ಸಡಿಲಿಸಿ ತಡಮಾಡಿಸಿದರೆ ತಡೆದಂತಾಯಿತು. ‘ಲೇಟ್’ ಪದವೂ ಈ ಕುಟುಂಬದ್ದೇ. ಬೇರಿನಲ್ಲಿ ಜಗಳವಿರಲಿಲ್ಲ, ಅದು ಶುರುವಾದದ್ದು ಕೊಂಬೆಗಳಲ್ಲಿ.

ಒಂದೇ ಪದ ಸೀಳಿ ಎರಡಾದ ‘ಸ್ಯಾಂಕ್ಷನ್’ ಬಗ್ಗೆ ಏನು ಹೇಳುವುದು? ಸಾಲ ಸ್ಯಾಂಕ್ಷನ್ ಆದರೆ ನಮ್ಮವರು ಹಿಗ್ಗುತ್ತಾರೆ. ಒಂದು ದೇಶದ ಮೇಲೆ ಸ್ಯಾಂಕ್ಷನ್ ಬಂದರೆ ಅದರ ವ್ಯಾಪಾರಕ್ಕೇ ಕುತ್ತು. ಲ್ಯಾಟಿನ್ ಮೂಲದ ಅರ್ಥ, ವಿಧಿಪೂರ್ವಕವಾಗಿ ಕಟ್ಟಳೆ ಮಾಡುವುದು. ಕಟ್ಟಳೆಗೆ ಒಪ್ಪಿಗೆಯ ಮುದ್ರೆಯೂ ಬೇಕು, ಮೀರಿದವರಿಗೆ ದಂಡವೂ ಬೇಕು. ಒಂದು ಅರ್ಥ ಮುದ್ರೆಯ ಕಡೆ ಹೋಯಿತು, ಇನ್ನೊಂದು ದಂಡದ ಕಡೆ. ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದಾಗ, 1935ರಲ್ಲಿ, ರಾಷ್ಟ್ರಗಳ ಒಕ್ಕೂಟ ಹೇರಿದ ಆರ್ಥಿಕ ನಿರ್ಬಂಧಗಳಿಗೂ ಇದೇ ಹೆಸರು.

ಆಬೆಲ್ ಹೇಳಿದ್ದು ನಿಜವಾಗಿದ್ದರೆ ಕಾಲ ಸರಿದಂತೆ ಇಂಥ ಪದಗಳು ಕಡಿಮೆಯಾಗಬೇಕಿತ್ತು, ಹೊಸವು ಹುಟ್ಟಲೇಬಾರದಿತ್ತು. ‘ಟೇಬಲ್’ ಅದಕ್ಕೆ ಸವಾಲು. ವಿಷಯವನ್ನು ಟೇಬಲ್ ಮಾಡುವುದೆಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ಎತ್ತಿಕೊಳ್ಳುವುದು, ಅಮೆರಿಕದಲ್ಲಿ ಬದಿಗಿಡುವುದು. ಎರಡೂ ಅರ್ಥ ಬಂದದ್ದು ಶಾಸನಸಭೆಗಳ ಮೇಜಿನಿಂದಲೇ, ಆದಿಮಾನವನ ಗುಹೆಯಿಂದಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳು ಈ ಪದದ ಮೇಲೆ ಬಿಸಿಬಿಸಿ ವಾಗ್ವಾದ ನಡೆಸಿದ್ದನ್ನು ಚರ್ಚಿಲ್ ತನ್ನ ಯುದ್ಧಚರಿತ್ರೆಯಲ್ಲಿ ದಾಖಲಿಸಿದ್ದಾನೆ. ವಿಷಯ ಮಹತ್ವದ್ದು, ಆದ್ದರಿಂದ ಟೇಬಲ್ ಮಾಡಲೇಬೇಕು ಎಂದು ಬ್ರಿಟಿಷರು. ಮಹತ್ವದ್ದೆಂದೇ ಮಾಡಕೂಡದು ಎಂದು ಅಮೆರಿಕನ್ನರು. ಇಬ್ಬರಿಗೂ ಬೇಕಿದ್ದದ್ದು ತಕ್ಷಣದ ಚರ್ಚೆಯೇ.